ಹೂವಿಲ್ಲದ ಪಿಸ್ತೂಲು

ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬದಂದು ಮನೆಯ ಆಯುಧಗಳನ್ನೆಲ್ಲ ದೀಪದ ಮುಂದಿಟ್ಟು ಹೂ ಮುಡಿಸುತ್ತಾರೆ. ಉತ್ತಯ್ಯ ಕೋವಿ, ಕತ್ತಿಗಳನ್ನು ತಂದಿಟ್ಟ; ಅಂಗಿಯಡಿ ಸೊಂಟದಲ್ಲಿ ಬಚ್ಚಿಟ್ಟುಕೊಂಡಿದ್ದ ಪಿಸ್ತೂಲನ್ನು ಮಾತ್ರ ತೆಗೆಯಲಿಲ್ಲ.

"ನೀನೂ ಹೊರಗೆ ಬಾರಪ್ಪ," ಎಂದು ಹಳೆಯ ಕೋವಿ ಕರೆಯಿತು.

"ಅಂಗಿಗೆ ಸಿಕ್ಕಿಕೊಳ್ಳಬಾರದೆಂದು ಯಜಮಾನರು ನನ್ನ ಬೆನ್ನ ಮೇಲಿನ ಉಬ್ಬುಗಳನ್ನೆಲ್ಲ ಅರ ಹಾಕಿಸಿ ನುಣ್ಣಗೆ ಮಾಡಿಸಿದ್ದಾರೆ. ನಾನಿರುವುದು ಯಾರಿಗೂ ತಿಳಿಯದು," ಎಂದು ಪಿಸ್ತೂಲು ಬೀಗಿತು.

ಉತ್ತಯ್ಯನ ತಾಯಿ ಚೋಂದಮ್ಮ ಹೂವಿನ ತಟ್ಟೆ ಹಿಡಿದು ಬಂದರು. "ಎಲ್ಲಾ ಇಟ್ಟೆಯಾ ಮಗ?"

"ಎಲ್ಲಾ ಇಟ್ಟೆ ಅವ್ವ," ಎಂದ ಉತ್ತಯ್ಯ, ತಲೆ ತಗ್ಗಿಸಿ.

ಅವರು ಒಂದೊಂದಕ್ಕೂ ಹೂವಿಟ್ಟರು, ತರಕಾರಿ ಹೆಚ್ಚುವ ಚಾಕುವಿಗೂ. ಪಿಸ್ತೂಲಿಗೆ ನಾಚಿಕೆಯಾಯಿತು. ಅಂಗಿ ಹೇಗಾದರೂ ತನಗೆ ಸಿಕ್ಕಿಕೊಂಡು ಮೇಲೇಳಲಿ, ತಾನು ಅವ್ವನ ಕಣ್ಣಿಗೆ ಬೀಳಲಿ ಎಂದು ಒದ್ದಾಡಿತು. ಸಿಕ್ಕಿಕೊಳ್ಳಲು ಅದರ ಮೈಮೇಲೆ ಒಂದು ಉಬ್ಬೂ ಉಳಿದಿರಲಿಲ್ಲ.