ಭಂಗಿ ಅಂಗಡಿಯ ಪರವಾನಗಿ

ನಾಗರಪಂಚಮಿಯ ದಿನ, ಓಣಿಯವರೆಲ್ಲ ಜೋಕಾಲಿಯ ಸುತ್ತ ನೆರೆದಿದ್ದಾಗ, ಯಮನೂರಪ್ಪ ಮೊದಲ ಸಲ ಮನೆ ಬಿಟ್ಟ. ಶಾಲೆಯನ್ನು ಅದಕ್ಕೂ ಮೊದಲೇ ಬಿಟ್ಟಾಗಿತ್ತು. ಆಮೇಲೆ ಬಿಟ್ಟ ಊರು, ಬಿಟ್ಟ ಕಸುಬು ಎಷ್ಟೆಂದು ಅವನಿಗೇ ನೆನಪಿಲ್ಲ. ಅಲೆದು ಅಲೆದು ಈಗ ಒಂದು ಮಠ ಸೇರಿದ್ದ. ಆ ವರ್ಷ ಮಠದ ಸ್ವಾಮಿಗಳಾದ ಅಪ್ಪನವರು ಒಬ್ಬನೇ ಒಬ್ಬ ಶಿಷ್ಯನಿಗೆ ಕಾವಿ ಕೊಡುವವರಿದ್ದರು. ಯಮನೂರಪ್ಪ ಉಪ್ಪು ಬಿಟ್ಟ. ಅದನ್ನು ನೋಡಿ ಉಳಿದವರೂ ಬಿಟ್ಟರು. ಹಾಸಿಗೆ ಬಿಟ್ಟ. ಅವರೂ ನೆಲಕ್ಕೆ ಬಂದರು. ಕಡೆಗೆ ತಡೆಯಲಾರದೆ ಅಪ್ಪನವರ ಮುಂದೆ ಹೋಗಿ ಕೂತ.

“ಅಪ್ಪಾರ, ಕಾವಿ ನನಗ ಸಿಗಬೇಕಂದ್ರ ಇನ್ನೇನು ಬಿಡಬೇಕ್ರಿ?”

ಅಪ್ಪನವರು ಒಂದು ಕತೆ ಹೇಳಿದರು.

ಒಂದು ಊರಿನ ಜನಕ್ಕೆ ಭಂಗಿ ಸೊಪ್ಪೆಂದರೆ ಪ್ರಾಣ. ಸಂಜೆಯಾದರೆ ಸೊಪ್ಪನ್ನು ಅರೆದು, ಸೋಸಿ, ಬೆಲ್ಲ ಕಲಸಿ ಕುಡಿದು, ಕಾರಣವಿಲ್ಲದೆ ನಗುತ್ತ ಜಗಲಿಯ ಮೇಲೆ ಕೂರುವರು. ಸರಕಾರ ನೋಡಿತು. ಇನ್ನು ಮುಂದೆ ಊರಿಗೆ ಒಂದೇ ಭಂಗಿ ಅಂಗಡಿ, ಪರವಾನಗಿ ಇದ್ದವನೇ ಮಾರತಕ್ಕದ್ದು ಎಂದು ಡಂಗುರ ಹೊಡೆಸಿತು.

ಒಬ್ಬ ಬೆಲ್ಲದ ವ್ಯಾಪಾರಿ ಅರ್ಜಿ ಹಾಕಿದ. ಪರವಾನಗಿ ಕೈಗೆ ಬಂದೇಬಿಟ್ಟಿತೆಂದು ಬೆಲ್ಲದ ಅಂಗಡಿಯನ್ನು ಅಂದೇ ಮಾರಿಬಿಟ್ಟ. ಮರುದಿನ ಗಾಣದವನೊಬ್ಬನೂ ಅರ್ಜಿ ಹಾಕಿದ. ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಲ್ಲ ಎಂದು ವ್ಯಾಪಾರಿಯ ಎದೆ ಧಸಕ್ಕೆಂದಿತು.

ಇಂಥದ್ದಕ್ಕೆ ಆ ಊರಲ್ಲಿ ಒಂದು ಪದ್ಧತಿ ಇತ್ತು. ಅರ್ಜಿ ಹಾಕಿದವರನ್ನು ಚಾವಡಿಯಲ್ಲಿ ನಿಲ್ಲಿಸಿ, ಇವರಲ್ಲಿ ಸಭ್ಯಸ್ಥ ಯಾರು ಎಂದು ಊರನ್ನೇ ಕೇಳುವುದು. ಊರು ಯಾರ ಹೆಸರು ಹೇಳುವುದೋ ಪರವಾನಗಿ ಅವನಿಗೆ.

ವ್ಯಾಪಾರಿ ಹಣೆತುಂಬ ವಿಭೂತಿ ಬಳಿದುಕೊಂಡ. ಗಾಣದವನು ಮೈತುಂಬ ಬಳಿದುಕೊಂಡ. ವ್ಯಾಪಾರಿ ಗುಡಿಯ ಅಂಗಳ ಗುಡಿಸಿದ. ಗಾಣದವನು ಗುಡಿಸಿ, ಸಾರಿಸಿ, ರಂಗೋಲಿಯನ್ನೂ ಹಾಕಿದ. ವ್ಯಾಪಾರಿಗೆ ತಲೆಬಿಸಿ ಹೆಚ್ಚಿತು. ಕಟ್ಟೆ ಹತ್ತಿ ನಿಂತು, ಭಂಗಿಯಿಂದಾಗುವ ಕೇಡನ್ನು ಊರಿಗೆ ಉಪದೇಶ ಮಾಡತೊಡಗಿದ. ಬೆಲ್ಲ ಮಾರಿ ಪಳಗಿದ ನಾಲಗೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಂಡಸರು ಅರೆಯುವ ಕಲ್ಲನ್ನು ಹೊಳೆಗೆ ಹಾಕಿ, ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದರು.

ಚಾವಡಿಯಲ್ಲಿ ಊರು ಒಂದೇ ದನಿಯಲ್ಲಿ ಅವನ ಹೆಸರು ಹೇಳಿತು. ಇಂಥ ಸಭ್ಯಸ್ಥನಿಗಲ್ಲದೆ ಭಂಗಿ ಅಂಗಡಿ ಇನ್ಯಾರಿಗೆ ಕೊಡುವುದು ಎಂದು ಹಿರಿಯರು ತಲೆದೂಗಿದರು.

ಅಂಗಡಿ ತೆರೆಯಿತು. ಜನ ಸಾಲುಗಟ್ಟಿ ಬಂದರು. ಹೊಸ್ತಿಲ ಹೊರಗೇ ನಿಂತು, ಒಳಗೆ ಕೂತವನಿಗೆ ಕೈಮುಗಿದು ಹೋದರು. ಸೊಪ್ಪು ಯಾರೂ ಕೇಳಲಿಲ್ಲ. ಹೀಗೆ ದಿನಗಳು ಕಳೆದ ಮೇಲೆ, ಸೋತ ಗಾಣದವನು ಒಳಗೆ ಬಂದ.

“ಸಾವಕಾರ, ಸೋತ ಸಂಕಟ ತಡಿಯಾಕ ಆಗವಲ್ದು. ಒಂದು ಹಿಡಿ ಸೊಪ್ಪು ಕೊಡು.”

“ಮೆಲ್ಲಕ ಮಾತಾಡೋ! ನಾ ಮಾರಿದ್ದು ಮಂದಿ ನೋಡಿದ್ರ ಪರವಾನಗಿ ಉಳದೀತೇನು? ಕೂಡು, ನಿನಗೆರಡು ಒಳ್ಳೆ ಮಾತು ಹೇಳ್ತೀನಿ.”

ಗಾಣದವನು ಕೂತು ಕೇಳಿದ. ಅವನೂ ಭಂಗಿ ಬಿಟ್ಟ.

ಯಮನೂರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥಾ ಹುಚ್ಚ ಇದ್ದಾನ್ರೀ ಅಪ್ಪಾರ! ಬೆಲ್ಲಾನೂ ಹೋತು, ಭಂಗೀನೂ ಹೋತು.”

ಅಪ್ಪನವರು ನಗಲಿಲ್ಲ.

“ಅವನ ಅಂಗಡ್ಯಾಗ ಸೊಪ್ಪಾದ್ರೂ ಇತ್ತು, ಯಮನೂರಾ. ಕಾವಿ ಉಟ್ಟ ಮ್ಯಾಲೆ ನಿನ್ನ ಒಳಗೇನಿರತೈತಿ?”

ಯಮನೂರಪ್ಪ ಎದ್ದು ಹೋಗಿ, ಮಠ ಬಿಡಲೆಂದು ಇದ್ದ ಬಟ್ಟೆಯನ್ನು ಗಂಟು ಕಟ್ಟತೊಡಗಿದ.