ಸೊಸೆಗೆ ಕಲಿಸಿದ ಸೊಪ್ಪು

ಕೊಪ್ಪಳ ಸೀಮೆಯ ಕರಿಗುಡ್ಡದ ಬುಡದಲ್ಲಿ ಕಲ್ಲುಚಪ್ಪಡಿಯ ಒಂದು ಕೋಣೆ. ಅದಕ್ಕೆ ಕದವಿಲ್ಲ; ಒಳಗೆ ಕದಿಯುವಂಥದ್ದೂ ಇಲ್ಲ. ಪೂಜ್ಯ ಹಂಪಮ್ಮ ತಾಯಿಯವರು ಬಹುಕಾಲ ಅಲ್ಲಿಯೇ ನೆಲೆಸಿದ್ದರು. ಕಾಶಿಯಿಂದ ರಾಮೇಶ್ವರದವರೆಗೆ ಬೆಳ್ಳಿಪೀಠದ ಗುರುಗಳನ್ನು ಬೇಕಾದಷ್ಟು ನೋಡಿದ್ದೇನೆ. ತಮ್ಮ ಒಲೆಯನ್ನು ತಾವೇ ಸಾರಿಸಿಕೊಳ್ಳುತ್ತಿದ್ದ ಈ ತಾಯಿಯವರ ಕತೆ ಮಾತ್ರ ನನ್ನ ಕಾಲನ್ನು ಕಟ್ಟಿಹಾಕಿತು. ಈ ಪ್ರಸಂಗವನ್ನು ಹೇಳಿದವರು ಅದನ್ನು ಕಣ್ಣಾರೆ ಕಂಡ ಗುರುಬಾಯಿಯವರು.

ಒಂದು ಮುಂಜಾನೆ ತಾಯಿಯವರು ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದರು. ಸೊಸೆ ಗುರುಬಾಯಿಯ ಕೈ ಹಿಡಿದುಕೊಂಡು ಮುದುಕರಾದ ಈರಬಸಪ್ಪನವರು ಬಂದರು. ಸರ್ಪಸುತ್ತಿಗೆ ಸೊಪ್ಪು ಅರೆದು ಹಚ್ಚುವ ಮನೆತನ ಅವರದು. ಸೊಪ್ಪಿನ ಗುರುತು ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ, ತಂದೆ ಮಗನಿಗಷ್ಟೇ ಹೇಳಬೇಕು, ಹೆಂಗಸರು ಗಿಡವನ್ನು ಕಣ್ಣೆತ್ತಿಯೂ ನೋಡಬಾರದು ಎಂಬುದು ಆ ಮನೆಯ ಕಟ್ಟಳೆ. ಮಗನೋ ತೀರಿಕೊಂಡಿದ್ದ. ಈಗ ಮುದುಕರ ಕಣ್ಣುಗಳೂ ಮಂಜಾಗಿದ್ದವು. ಅವರ ಮನೆಯ ಕಟ್ಟೆಯ ಮೇಲೆ ಮದ್ದಿಗೆಂದು ಬಂದ ಕುಂಬಾರರ ಕೊಟ್ರವ್ವ ನಡುವಿನ ಸುತ್ತ ಎದ್ದ ಬೊಕ್ಕೆಗಳ ಉರಿ ತಾಳಲಾರದೆ ನರಳುತ್ತಿದ್ದಳು.

“ತಾಯಿ, ನನ್ನ ಕೂಡ ಇದು ಮಣ್ಣಾಗಬಾರದು. ನಿಮ್ಮ ಕಿವಿಯಾಗ ಹಾಕ್ತೀನಿ, ತಗೋರಿ,” ಎಂದರು ಮುದುಕರು.

“ನಾನೂ ಹೆಂಗಸಲ್ಲೇನಪ್ಪಾ?”

“ಎಲ್ಲಿ ಹೆಂಗಸು ಬಿಡ್ರಿ! ನೀವು ಸಂತರು.”

ಇದನ್ನು ಅವರು ಹೊಗಳಿಕೆಯೆಂದೇ ಹೇಳಿದ್ದರು. ತಾಯಿಯವರು ನಕ್ಕು, ಮೊರ ಕೆಳಗಿಟ್ಟು ಎದ್ದರು. “ಕಿವಿಗೆ ಹೇಳಿದ್ದು ಕೈಗೆ ಬರೂದಿಲ್ಲ. ನಡಿ, ಗಿಡ ತೋರಿಸು.”

ಮೂವರೂ ಗುಡ್ಡ ಹತ್ತಿದರು. ಗಿಡಗಳಿದ್ದ ತಗ್ಗು ಬಂದೊಡನೆ ಗುರುಬಾಯಿ ಎಂದಿನಂತೆ ಬೆನ್ನು ತಿರುಗಿಸಿ ನಿಂತಳು. ಮಾವನನ್ನು ಎಷ್ಟೋ ಸಲ ಅಲ್ಲಿಗೆ ಕರೆತಂದಿದ್ದಳು. ಒಮ್ಮೆಯೂ ಕದ್ದು ನೋಡಿದವಳಲ್ಲ. ಆ ತಗ್ಗಿನಲ್ಲಿ ಒಂದೇ ಬಗೆಯಾಗಿ ಕಾಣುವ ಎರಡು ಗಿಡಗಳು ಕೂಡಿ ಬೆಳೆಯುತ್ತವೆ. ಒಂದು ಉರಿ ಆರಿಸುತ್ತದೆ, ಇನ್ನೊಂದರ ರಸ ಚರ್ಮ ಸುಡುತ್ತದೆ. ಮುದುಕರು ಎಲೆಗಳನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು, ಮೂಸಿದರು, ಕಡೆಗೆ ಒಂದನ್ನು ಕಿತ್ತರು.

“ಇದೇ ಇರಬೇಕು.”

“ಇರಬೇಕು ಅಂತ ಆ ಕೊಟ್ರವ್ವನ ಮೈಗೆ ಹಚ್ಚತೀಯೇನು? ಇತ್ತ ಕೊಡು,” ಎಂದ ತಾಯಿಯವರು ಆ ಎಲೆಯನ್ನು ಹಿಸುಕಿ ತಮ್ಮ ಮುಂಗೈಗೆ ತಿಕ್ಕಿಕೊಂಡರು. ನೋಡನೋಡುತ್ತಲೇ ಚರ್ಮ ಕೆಂಪೇರಿ ಉಬ್ಬಿತು.

“ಇದಲ್ಲ. ಇನ್ನೊಂದು ಕೊಡು.”

ಎರಡನೆಯದಕ್ಕೆ ಬೊಕ್ಕೆಯೆದ್ದಿತು. ಸುಟ್ಟ ವಾಸನೆಯಂಥ ಘಾಟು ಗುರುಬಾಯಿಯ ಮೂಗಿಗೂ ಬಡಿಯಿತು. ಆಕೆ ತಿರುಗಿ ನೋಡಿ ಚೀರಿದಳು: “ಮಾವಾರ! ತಾಯಿಯವರ ಕೈ ಸುಡಾಕ ಹತ್ತೇತ್ರೀ!”

ಈರಬಸಪ್ಪನವರು ಕೈಯಲ್ಲಿದ್ದ ಎಲೆಯನ್ನು ಬಿಸುಟರು. “ಸಾಕು ತಾಯಿ! ನಿಮ್ಮ ಕಾಲು ಬೀಳ್ತೀನಿ, ಸಾಕು!”

ತಾಯಿಯವರ ದನಿಯಲ್ಲಿ ನೋವಿನ ಸುಳಿವಿರಲಿಲ್ಲ. “ಕಣ್ಣು ನಿನ್ನ ಮಗ್ಗಲದಾಗ ನಿಂತಾವ. ಅವನ್ನ ಮುಚ್ಚಿಸಿ ನನ್ನ ತೋಳು ಸುಡ್ತೀಯಲ್ಲಪ್ಪಾ. ಇನ್ನೊಂದು ಕೊಡು.” ಹೀಗೆಂದು ಇನ್ನೊಂದು ತೋಳನ್ನೂ ಮುಂದೆ ಚಾಚಿದರು.

ಮುದುಕರು ಸೊಸೆಯತ್ತ ತಿರುಗಿದರು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಎದೆಯೊಳಗೇ ಹೂತುಕೊಂಡು ಹೋದ ಮಾತು ಕಡೆಗೂ ಹೊರಬಂತು.

“ಗುರುಬಾಯೀ, ಎಲೆ ಹೊಳ್ಳಿಸಿ ನೋಡವ್ವಾ. ನಡುವಿನ ನರ ಕೆಂಪಗಿದ್ದರ ನಮ್ಮದು. ಬೆಳ್ಳಗಿದ್ದರ ಮುಟ್ಟಬ್ಯಾಡ. ಚಿಗುರು ಗಿಡಕ್ಕ ಬಿಡು, ಬಲತದ್ದು ತಗೋ. ಒಂದೇ ಗಿಡ ಬೋಳಿಸಬ್ಯಾಡ.”

ಗುರುಬಾಯಿ ಹುಡುಕಿ ಕಿತ್ತ ಎಲೆಯನ್ನು ತಾಯಿಯವರೇ ಮೊದಲು ತಮ್ಮ ಚಾಚಿದ ತೋಳಿಗೆ ತಿಕ್ಕಿಕೊಂಡರು. ಅದು ತಣ್ಣಗೆ ಕುಳಿತಿತು. “ಹೋಗು, ಅರೆದು ಹಚ್ಚು,” ಎಂದಷ್ಟೇ ನುಡಿದು, ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದುಹೋದರು.

ಮನೆಯಲ್ಲಿ ಗುರುಬಾಯಿ ಸೊಪ್ಪನ್ನು ಬೆಣ್ಣೆಯಲ್ಲಿ ಅರೆದು ಹಚ್ಚಿದಳು. ಮುದುಕರು ಕಂಬಕ್ಕೆ ಒರಗಿ, ಕೊಟ್ರವ್ವನ ನರಳಾಟಕ್ಕೆ ಕಿವಿಗೊಟ್ಟು ಕುಳಿತರು. ಗುಣ ಉಳಿದಿದೆಯೋ, ಬಾಯಿಬಿಟ್ಟ ತಪ್ಪಿಗೆ ಹಾರಿಹೋಯಿತೋ? ಅನ್ನ ನೀರು ಬೇಡವೆಂದರು. ಇಳಿಹೊತ್ತಿಗೆ ನರಳಾಟ ನಿಂತಿತು. ಅದರಿಂದ ಅವರಿಗೆ ಇನ್ನಷ್ಟು ಗಾಬರಿಯಾಯಿತು.

“ಯಾಕವ್ವಾ, ಸದ್ದಿಲ್ಲಲ್ಲ?”

“ನಿದ್ದಿ ಹತ್ತೇತಿ ಮಾವಾರ,” ಎಂದಳು ಗುರುಬಾಯಿ.

ಮುದುಕರು ತಮ್ಮ ಕೈಯಿಂದ ತಡಕಾಡಿ ಸೊಸೆಯ ಹಸಿರು ಮೆತ್ತಿದ ಬೆರಳುಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

ಆ ಸೊಪ್ಪಿನ ಹೆಸರನ್ನು ಗುರುಬಾಯಿಯವರು ಕೇಳಿದವರಿಗೆಲ್ಲ ಹೇಳುತ್ತಾರೆ, ನನಗೂ ಹೇಳಿದರು. ಇಲ್ಲಿ ಬರೆಯುತ್ತಿಲ್ಲ, ಓದಿದವರು ಬಿಳಿ ನರದ್ದನ್ನೇ ಕಿತ್ತಾರು. ಬೇಕಾದವರು ಗುಡ್ಡ ಹತ್ತಿ ಕಲಿಯಲಿ. ಈರಬಸಪ್ಪನವರ ಕೊನೆಯ ವರ್ಷಗಳಲ್ಲಿ ಹಾಗೆ ಹತ್ತಿದವರು ಬಹಳ ಮಂದಿ, ಕುರಿ ಕಾಯುವ ಹೆಣ್ಣುಮಕ್ಕಳೇ ಹೆಚ್ಚು. ಪೂರಾ ಕುರುಡಾಗಿದ್ದ ಅಜ್ಜ ಬಂಡೆಯ ಮೇಲೆ ಕುಳಿತಿರುತ್ತಿದ್ದರಂತೆ; ಎಲೆಯ ನರ ನೋಡಿ ಹೇಳುವ ಕಣ್ಣು ಗುರುಬಾಯಿಯವರದು. ತಪ್ಪು ಎಲೆ ತಂದವರಿಗೆ ಅಜ್ಜನ ಬೈಗುಳ ಸಿಗುತ್ತಿತ್ತು. ಸರಿಯಾದದ್ದು ತಂದವರಿಗೆ, “ಇನ್ನೊಬ್ಬರನ್ನ ಕರಕೊಂಡು ಬಾ.”