ರುಮಾಲು ತಿಂದ ಹೊಲ

ಈರಬಸವ್ವನ ಹೊಲವನ್ನು ಕಿತ್ತುಕೊಂಡರು. ಕದ್ದುಮುಚ್ಚಿ ಅಲ್ಲ, ಹಾಡುಹಗಲೇ, ಅರಮನೆಯ ಮೊಹರು ಒತ್ತಿಯೇ ಕಿತ್ತುಕೊಂಡರು.

ಕರಡಿದುರ್ಗದ ಕಟ್ಟಳೆ ಹಾಗಿತ್ತು. ಆಸ್ಥಾನದ ಮಣ್ಣುಪರೀಕ್ಷಕ ಯಾವ ಹೊಲದ ಮಣ್ಣು ಸತ್ತಿದೆ ಎನ್ನುತ್ತಾನೋ ಆ ಹೊಲ ಅರಮನೆಗೆ. ಅರಮನೆಗೆ ಹೋದದ್ದು ಅದು ಹೇಗೋ ಪರೀಕ್ಷಕನ ಭಾವಮೈದುನನ ಉಳುಮೆಗೆ ಬಂದುಬಿಡುತ್ತಿತ್ತು.

ಪರೀಕ್ಷಕ ಮಾರ್ತಾಂಡ ಪಂಡಿತ ಪಲ್ಲಕ್ಕಿಯಿಂದ ಇಳಿದವನೇ ಅಲ್ಲ. ಯಾರೋ ಎತ್ತಿಕೊಟ್ಟ ಹಿಡಿ ಮಣ್ಣನ್ನು, ಮೂಗಿಗೆ ಅತ್ತರಿನ ವಸ್ತ್ರ ಹಿಡಿದುಕೊಂಡೇ ಮೂಸುತ್ತಿದ್ದ. ಈರಬಸವ್ವ ವರ್ಷಗಟ್ಟಲೆ ಸಗಣಿ, ತರಗೆಲೆ ಕೊಳೆಸಿ ಉಣಿಸಿದ ಕಪ್ಪು ಮಣ್ಣನ್ನೂ ಹಾಗೇ ಮೂಸಿ, ಸತ್ತಿದೆ ಎಂದ. ಗಂಡನಿಲ್ಲದ ಆಕೆಗೆ ಇದ್ದದ್ದು ಅದೊಂದೇ ಹೊಲ.

ಆಕೆ ಅರಮನೆ ಬಾಗಿಲಲ್ಲಿ ಕೂತು ಪಂಡಿತನ ಜನ್ಮ ಜಾಲಾಡಿದ್ದು ಆಸ್ಥಾನದ ವಿದೂಷಕ ತಿರುಕಪ್ಪನ ಕಿವಿಗೆ ಬಿತ್ತು. ಆ ಅತ್ತರಿನ ಮೂಗನ್ನು ಕಂಡು ಅವನಿಗೂ ರೋಸಿಹೋಗಿತ್ತು. ಸಭೆಯಲ್ಲಿ ಎದ್ದುನಿಂತು ಪಂಡಿತನ ವಿದ್ಯೆಯನ್ನು ಬಾಯಿ ತುಂಬ ಹೊಗಳಿ, ಆಮೇಲೆ ಮೆಲ್ಲಗೆ ಕೇಳಿದ.

“ಸತ್ತದ್ದು ಊಟ ಮಾಡುತ್ತದೆಯೇ, ಪಂಡಿತರೇ?”

“ಇದೂ ಒಂದು ಪ್ರಶ್ನೆಯೇ? ಸತ್ತ ಮೇಲೆ ಎಂಥ ಊಟ?”

“ಹಾಗಾದರೆ ಅರಸರು ಕೊಟ್ಟ, ನಿಮ್ಮ ತಲೆಯ ಮೇಲಿನ ಜರಿಯಂಚಿನ ಹತ್ತಿ ರುಮಾಲನ್ನು ಈರಬಸವ್ವನ ಹೊಲದಲ್ಲಿ ಹೂತಿಡೋಣ. ಜೀವವಿರುವ ಮಣ್ಣು ಹತ್ತಿಬಟ್ಟೆಯನ್ನು ತಿಂದುಹಾಕುತ್ತದಂತೆ. ಸತ್ತ ಮಣ್ಣು ಮುಟ್ಟುವುದಿಲ್ಲವಂತೆ. ಭಯವಿದ್ದರೆ ಬೇಡ ಬಿಡಿ.”

ಬೇಡವೆಂದರೆ ತನ್ನ ಮಾತನ್ನು ತಾನೇ ನಂಬದ ಹಾಗೆ. ಪಂಡಿತ ರುಮಾಲು ಕಳಚಿ ಎಸೆದ. ನೂರು ವರ್ಷ ಹೂತಿಟ್ಟರೂ ಒಂದು ಎಳೆ ಕದಲದು ಎಂದು ಜಂಬ ಬೇರೆ ಕೊಚ್ಚಿದ. ತಿರುಕಪ್ಪ ಅದನ್ನು ಎರಡಾಗಿ ಹರಿದು, ಒಂದು ತುಂಡನ್ನು ಈರಬಸವ್ವನ ಹೊಲದಲ್ಲಿ, ಇನ್ನೊಂದನ್ನು ಪಂಡಿತ ಚಿನ್ನದಂಥ ಮಣ್ಣೆಂದು ಮೆರೆಸಿದ್ದ ಭಾವಮೈದುನನ ಸ್ವಂತ ಹೊಲದಲ್ಲಿ ಹೂಳಿಸಿದ. ಎರಡೂ ಕಡೆ ಅರಸನ ಕಾವಲು ಬಿತ್ತು.

ಮಳೆಗಾಲದ ಎರಡು ತಿಂಗಳು ಕಳೆಯಿತು. ಅರಸನ ಎದುರೇ ಅಗೆಸಿದರು. ಭಾವಮೈದುನನ ಹೊಲದ ತುಂಡು ಹೂತ ಹಾಗೇ ಬಂತು, ಒಗೆದರೆ ಇನ್ನೂ ಸುತ್ತಿಕೊಳ್ಳಬಹುದಿತ್ತು. ಈರಬಸವ್ವನ ಹೊಲದಲ್ಲಿ ಸಿಕ್ಕಿದ್ದು ಜರಿಯ ನಾಲ್ಕು ಎಳೆ, ಕೊಬ್ಬಿದ ಎರೆಹುಳು, ಅಷ್ಟೇ.

ಪಂಡಿತ ತಡವರಿಸಿದ. “ಮಣ್ಣು ತಿಂದದ್ದಲ್ಲ ಪ್ರಭು. ಗೆದ್ದಲು, ಎರೆಹುಳು, ಇನ್ನೂ ಎಂಥೆಂಥವೋ ತಿಂದಿವೆ.”

“ಇಷ್ಟೊಂದು ನೆಂಟರು ಉಂಡೇಳುವ ಮನೆಯನ್ನು ಸ್ಮಶಾನ ಅಂದಿರಲ್ಲ, ಪಂಡಿತರೇ,” ಎಂದ ತಿರುಕಪ್ಪ. “ನಿಮ್ಮ ಭಾವಮೈದುನರ ಮನೆಗೆ ಒಂದು ಗೆದ್ದಲೂ ಕಾಲಿಡಲಿಲ್ಲ.”

ಅರಸ ಹೊಟ್ಟೆ ಹಿಡಿದು ನಕ್ಕ, ಬಹುಮಾನ ಕೊಡಲು ಕೊರಳ ಹಾರಕ್ಕೆ ಕೈ ಹಾಕಿದ. ತಿರುಕಪ್ಪ ನಗಲಿಲ್ಲ. “ಮೊಹರು ಒತ್ತಿದ್ದು ತಾವೇ. ಮೊದಲು ಹೊಲ ಬಿಟ್ಟುಕೊಡಿ, ಆಮೇಲೆ ನಗಿ.”

ಅರಸನ ಮುಖ ಸಣ್ಣದಾಯಿತು, ಅಲ್ಲೇ ಹೊಲ ಬಿಟ್ಟುಕೊಟ್ಟ. ಈರಬಸವ್ವ ಅವತ್ತೇ ಹೊಲಕ್ಕೆ ಇಳಿದಳು. ಪಂಡಿತನನ್ನು ಅದೇ ಹೊಲದ ಗೊಬ್ಬರ ಹೊರಲು ಹಚ್ಚಿದರು.

ಅಂಥ ಮೂಗುಗಳು ನಿಮ್ಮೂರಿಗೂ ಬರುತ್ತವೆ. ಅವು ಹೇಳಿದ್ದಕ್ಕೆ ತಲೆಯಾಡಿಸಿ ಕೂರಬೇಡಿ. ಹಳೆಯ ಹತ್ತಿ ಪಂಚೆಯ ತುಂಡೊಂದನ್ನು ತೇವವಿರುವ ಹೊಲದಲ್ಲಿ ಗೇಣುದ್ದ ಆಳಕ್ಕೆ ಹೂಳಿ, ಎರಡು ತಿಂಗಳು ಬಿಟ್ಟು ನೀವೇ ಅಗೆದು ನೋಡಿ. ಇವತ್ತೇ ಹೂಳಿ.